ಕಾಣದ್ದಕ್ಕೆ ಬಾಣ

ಹತ್ತು ಗಂಟೆಯ ಹೊತ್ತಿಗೆ ಅವಳು ಏಳನೆಯ ಅಂಗಿಗೆ ಬಾಣ ಅಂಟಿಸಿದಳು. ಉಗುರಿನಗಲದ ಕೆಂಪು ಕಾಗದದ ಬಾಣ, ಹಿಂದೆ ಅಂಟು. ಅದರ ಮೊನೆ ಎಲ್ಲಿಗೆ ತೋರುತ್ತದೋ ಅಲ್ಲಿ ತಪ್ಪಿದೆ ಎಂದರ್ಥ: ಬಿಟ್ಟ ಹೊಲಿಗೆ, ಸೊಟ್ಟ ಜೇಬು, ಎಣ್ಣೆಯ ಕಲೆ. ಈ ಅಂಗಿ ಕಾರ್ಖಾನೆಯಲ್ಲಿ ಆರು ವರ್ಷದಿಂದ ಅವಳ ಕೆಲಸ ಇದೇ, ಬೇರೆಯವರ ತಪ್ಪಿಗೆ ಬಾಣ ಅಂಟಿಸುವುದು. ಎಡಗೈಯಿಂದ ಕಾಲರಿನ ಹತ್ತಿರ ಹಿಡಿದು, ಅಂಗಿಯನ್ನು ಓರೆ ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರು, ಭುಜ, ಗುಂಡಿಪಟ್ಟಿ, ಜೇಬು, ತೋಳು, ಕಫ್ಫು, ಅಂಚು ಎಂದು ಕಣ್ಣು ಒಂದು ಸುತ್ತು ಬರಬೇಕು. ಅದಕ್ಕೆ ನಲವತ್ತು ಸೆಕೆಂಡು, ಸೀನು ಬಂದರೆ ಅದೂ ಅದರಲ್ಲೇ. ಇವತ್ತಿನ ಏಳೂ ಅಂಗಿಗಳಲ್ಲಿ ತಪ್ಪು ಒಂದೇ: ಕಾಲರಿನ ಎಡಗಡೆ, ಒಳಮೈಯಲ್ಲಿ, ಸಾಸಿವೆ ಗಾತ್ರದ ರಕ್ತದ ಚುಕ್ಕಿ. ಕಲೆ ಯಾವ ಭಾಗದಲ್ಲಿದೆಯೋ ಆ ಭಾಗ ಹೊಲಿದವರ ತಲೆಗೆ ಅದು, ಇದು ಇಲ್ಲಿನ ನಿಯಮ. ಹಾಗಾಗಿ ಏಳೂ ಚೀಟಿಯ ಮೇಲೆ ಅವಳು ಹದಿನಾಲ್ಕನೇ ಮಿಷನ್ನು ಎಂದು ಬರೆದಳು. ಅಲ್ಲಿ ಕೂತು ದಿನವಿಡೀ ಕಾಲರು ಕೂರಿಸುವವಳನ್ನು ಎಲ್ಲರೂ ಕಾಲರ್ ಅಕ್ಕ ಎಂದೇ ಕರೆಯುವುದು. ಸೂಜಿ ಚುಚ್ಚಿಕೊಂಡವಳು ಬೆರಳಿಗೆ ಒಂದು ಚೂರು ಬಟ್ಟೆ ಸುತ್ತಿಕೊಳ್ಳಬಾರದೇ ಎಂದು ಅವಳಿಗೆ ರೇಗಿತು. ಈಚೆಗೆ ಅವಳಿಗೆ ಎಲ್ಲದಕ್ಕೂ ರೇಗುತ್ತಿತ್ತು.

ರೇಗದೆ ಇನ್ನೇನು. ಅಂಗೈ ಒಳಗಿನಿಂದ ತುರಿಸುತ್ತಿತ್ತು. ಮೇಲಿನ ಚರ್ಮವಲ್ಲ, ಅದರ ಕೆಳಗೆ, ಉಗುರು ತಲುಪದ ಎಲ್ಲೋ. ಚಪ್ಪಲಿಯೊಳಗೆ ಅಂಗಾಲೂ ಹಾಗೆಯೇ. ಮೂರು ವಾರದ ಹಿಂದೆ, ಬಸುರಿಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಾಗ ಶುರುವಾದದ್ದು. ಮೊದಮೊದಲು ಮೇಜಿನ ಅಂಚಿಗೆ ಕೈ ತಿಕ್ಕುತ್ತಿದ್ದಳು, ಆಮೇಲೆ ಬಾಚಣಿಗೆ ಹಿಡಿದಳು, ಈಗ ದಾರ ಕತ್ತರಿಸುವ ಪುಟ್ಟ ಕತ್ತರಿಯ ಬೆನ್ನು. ಉರಿದರೆ ವಾಸಿ, ನೋವಾದರೆ ಇನ್ನೂ ವಾಸಿ, ತುರಿಕೆಯೊಂದು ಬೇಡ. ಅತ್ತೆಗೆ ಹೇಳಿದಾಗ ಅವರು ನಕ್ಕಿದ್ದರು. ಮಗುವಿಗೆ ತಲೆಗೂದಲು ಬರುತ್ತಿದೆ, ಅದಕ್ಕೇ ತುರಿಕೆ ಅಂತೆ. ಅಂಗೈಯಲ್ಲಿ ಯಾವ ಮಗುವಿನ ತಲೆಗೂದಲು ಎಂದು ಕೇಳಬೇಕೆನಿಸಿತ್ತು, ಕೇಳಿರಲಿಲ್ಲ. ನಾಲ್ಕು ಹೆತ್ತವರ ಎದುರು ಒಂದನ್ನೂ ಇನ್ನೂ ಹೆರದವಳು ಏನು ಮಾತಾಡುವುದು. ಗಂಡ ಲಿಫ್ಟು ರಿಪೇರಿಯವನು. ಊರಿನ ಯಾವ ಕಟ್ಟಡದಲ್ಲಿ ಲಿಫ್ಟು ಕಿರ್ ಎಂದರೂ ಅನ್ನದ ತಟ್ಟೆ ಬಿಟ್ಟು ಓಡುವ ಮನುಷ್ಯ, ಹೆಂಡತಿ ಹಾಸಿಗೆಯಲ್ಲಿ ಪಾದ ತಿಕ್ಕಿಕೊಂಡು ಒದ್ದಾಡುತ್ತಿದ್ದರೆ ಅಮ್ಮ ಹೇಳಿದ್ದಾರಲ್ಲ ಎಂದು ಮಗ್ಗುಲಾಗುತ್ತಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಡಾಕ್ಟರಮ್ಮನೂ ಕೆಟ್ಟವರಲ್ಲ. ಮೊದಲ ಸಲ ಹೋದಾಗ ಹೊಟ್ಟೆ ದೊಡ್ಡದಾದಾಗ ಚರ್ಮ ಎಳೆಯುತ್ತದೆ, ಎಲ್ಲರಿಗೂ ಆಗುವುದೇ ಎಂದು ಸಮಾಧಾನ ಹೇಳಿದ್ದರು. ಸಡಿಲವಾದ ಹತ್ತಿಬಟ್ಟೆ, ತಣ್ಣೀರಿನ ಸ್ನಾನ, ವಾಸನೆಯಿಲ್ಲದ ಸೋಪು. ಎಲ್ಲ ಮಾಡಿದಳು. ಹೊಟ್ಟೆ ತುರಿಸುತ್ತಲೇ ಇರಲಿಲ್ಲ ಎಂಬುದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವಳು ಒಳಗೆ ಬಂದಾಗಿತ್ತು. ಎರಡನೇ ಸಲ ಗುಲಾಬಿ ಬಣ್ಣದ ಲೋಷನ್. ಅದನ್ನು ಹಚ್ಚಿಕೊಂಡು ಕಾರ್ಖಾನೆಗೆ ಹೋದ ದಿನ ಅಂಗಿಗೆ ಬಣ್ಣ ಹತ್ತುತ್ತದೆಂದು ಕೈ ತೊಳೆಸಿ ಕಳಿಸಿದ್ದರು, ಶಾಲೆಗೆ ಉಗುರು ಕತ್ತರಿಸದೆ ಬಂದ ಹುಡುಗಿಯನ್ನು ಕಳಿಸಿದ ಹಾಗೆ. ಮೂರನೇ ಸಲ ಡಾಕ್ಟರಮ್ಮ ಅವಳ ಅಂಗೈಯನ್ನು ಬೆಳಕಿಗೆ ಹಿಡಿದು, ಮಗುಚಿ, ಮತ್ತೆ ಮಗುಚಿ, ಒಂದು ಗುಳ್ಳೆಯೂ ಇಲ್ಲ, ದದ್ದೂ ಇಲ್ಲ, ನೀನೇ ಕೆರೆದುಕೊಂಡ ಗೀರು ಬಿಟ್ಟರೆ ಇಲ್ಲಿ ಏನೂ ಕಾಣಿಸುತ್ತಿಲ್ಲವಲ್ಲಮ್ಮ ಎಂದಿದ್ದರು. ನಿದ್ದೆ ಬರುವ ಮಾತ್ರೆ ಬರೆದುಕೊಟ್ಟು, ಜಾಸ್ತಿ ಯೋಚನೆ ಮಾಡಬೇಡ ಎಂದೂ ಸೇರಿಸಿದರು. ಏನೂ ಕಾಣಿಸುತ್ತಿಲ್ಲ ಎಂಬ ಮಾತಿಗೆ ಅವಳು ಜಗಳವಾಡುವಂತಿರಲಿಲ್ಲ. ಯಾಕೆಂದರೆ ಅದು ಅವಳದೇ ಮಾತು. ದಾರ ಬಿಗಿಯಿಲ್ಲ, ನಾಳೆ ಬಿಚ್ಚಿಕೊಳ್ಳುತ್ತೆ ನೋಡು ಎಂದು ಹೊಲಿಯುವ ಹೆಂಗಸರು ಎಷ್ಟೋ ಸಲ ಬಂದು ಹೇಳಿದ್ದರು. ಕಣ್ಣಿಗೆ ಕಾಣದ್ದಕ್ಕೆಲ್ಲ ನನ್ನ ಹತ್ತಿರ ಬಾಣ ಇಲ್ಲ ಎಂದು ಅವಳು ಎಷ್ಟೋ ಸಲ ಹೇಳಿ ಕಳಿಸಿದ್ದಳು. ಹೇಳುವಾಗ ಸ್ವಲ್ಪ ಖುಷಿಯೂ ಆಗಿತ್ತು.

ಸೂಪರ್‌ವೈಸರು ಬಂದು ಏಳೂ ಅಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡ. ಪಾಠ ಮಾಡದೆ ಒಂದು ಮಾತೂ ಆಡದವನೆಂದು ಅವನಿಗೆ ಮೇಷ್ಟ್ರು ಎಂದು ಹೆಸರು. ಹದಿನಾಲ್ಕನೇ ಮಿಷನ್ನಿನ ಹತ್ತಿರ ಹೋಗಿ ನಿಂತ. ಕಾಲರ್ ಅಕ್ಕ ಪೆಡಲಿನಿಂದ ಕಾಲು ತೆಗೆದು ಎದ್ದಳು. ಐವತ್ತರ ಹತ್ತಿರದ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಳು. ಮೇಷ್ಟ್ರು ಒಂದು ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಇದನ್ನು ಹಾಕಿಕೊಳ್ಳುವವನು ಕುತ್ತಿಗೆಗೆ ನಿಮ್ಮ ರಕ್ತ ಕಟ್ಟಿಕೊಂಡು ಓಡಾಡಬೇಕಾ ಎಂದು ಪಾಠ ಶುರು ಮಾಡಿದ. ಅಕ್ಕ ಎರಡೂ ಕೈ ಮುಂದೆ ಚಾಚಿ ಹತ್ತು ಬೆರಳನ್ನೂ ತೋರಿಸಿದಳು, ಎಲ್ಲೂ ಗಾಯವಿರಲಿಲ್ಲ. ನಿನ್ನೆಯದು ಇವತ್ತು ವಾಸಿಯಾಗಿರುತ್ತೆ ಬಿಡಿ ಎಂದ ಮೇಷ್ಟ್ರು. ಗೋಡೆಯ ಮೇಲಿನ ತಪ್ಪುಗಳ ಬೋರ್ಡಿನಲ್ಲಿ ಹದಿನಾಲ್ಕರ ಮುಂದೆ ಏಳು ಗೀರು ಎಳೆದ. ಹತ್ತು ಬೆರಳು ಇನ್ನೂ ಹಾಗೇ ಚಾಚಿಕೊಂಡಿದ್ದವು. ಅಲ್ಲಿಂದ ಕಣ್ಣು ಕೀಳಲಾರದೆ ಅವಳು ಕೈಗೆ ಸಿಕ್ಕ ಮುಂದಿನ ಅಂಗಿಯನ್ನು ಹಿಡಿದಳು, ಎಡಗೈಯಿಂದ, ಕಾಲರಿನ ಹತ್ತಿರ. ಹರಡಿ ನೋಡಿದರೆ ಮತ್ತೊಂದು ಚುಕ್ಕಿ. ಅಚ್ಚ ಕೆಂಪು.

ಕೆಂಪು ಯಾಕಿರಬೇಕು. ಕಾಲರು ಕೂರಿಸಿದ ಅಂಗಿ ತೋಳು, ಕಫ್ಫು, ಗುಂಡಿ ಎಂದು ಮಿಷನ್ನಿನಿಂದ ಮಿಷನ್ನಿಗೆ ಹೋಗಿ ಅವಳ ಮೇಜಿಗೆ ಬರಲು ಹೆಚ್ಚೂಕಡಿಮೆ ಒಂದು ದಿನ ಬೇಕು. ಅಷ್ಟರಲ್ಲಿ ರಕ್ತ ಕಂದುಬಣ್ಣಕ್ಕೆ ತಿರುಗಿರುತ್ತದೆ. ಆರು ವರ್ಷದಲ್ಲಿ ಅವಳು ನೋಡಿದ ರಕ್ತದ ಕಲೆಗಳೆಲ್ಲ ಕಂದು. ಎಡಗೈ ತಿರುಗಿಸಿ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ, ಕತ್ತರಿಯ ಬೆನ್ನು ತಿಕ್ಕಿ ತಿಕ್ಕಿ ಸುಲಿದ ಜಾಗದಲ್ಲಿ, ಒಂದು ಹನಿ ಒಸರಿ ನಿಂತಿತ್ತು. ಅವಳು ಅಂಗಿ ಹಿಡಿಯುವ ಜಾಗ, ಹೆಬ್ಬೆರಳು ಊರುವ ಜಾಗ, ಕಾಲರಿನ ಎಡಗಡೆ, ಒಳಮೈ. ಏಳು ಸಲ ಅವಳು ತನ್ನ ರಕ್ತಕ್ಕೆ ತಾನೇ ಬಾಣ ಅಂಟಿಸಿ ಇನ್ನೊಬ್ಬಳ ನಂಬರು ಬರೆದಿದ್ದಳು. ಈಗ ಎದ್ದು ಹೇಳಬೇಕು, ಮೇಷ್ಟ್ರು ಇನ್ನೂ ಬೋರ್ಡಿನ ಹತ್ತಿರವೇ ಇದ್ದಾನೆ. ಎದ್ದರೆ ಮತ್ತೆ ಕೈ ತೊಳೆಸುತ್ತಾರೆ, ಈ ಸಲ ಮನೆಗೇ ಕಳಿಸಿಬಿಡಬಹುದು, ಹೆರಿಗೆಯ ನಂತರವೂ ಬರುವುದು ಬೇಡ ಎನ್ನಬಹುದು. ಮನೆಯೆಂದರೆ ಅತ್ತೆ, ಎಣ್ಣೆಯ ಬಟ್ಟಲು, ತಲೆಗೂದಲಿನ ಕತೆ. ಅವಳು ಎಂಟನೇ ಅಂಗಿಯನ್ನು ಮಡಚಿ ಮೇಜಿನ ಕೆಳಗೆ ತುರುಕಿದಳು. ಹೆಬ್ಬೆರಳಿಗೆ ಸೆರಗಿನ ತುದಿ ಸುತ್ತಿಕೊಂಡಳು. ಊಟದ ಗಂಟೆಯವರೆಗೆ ಒಂದೂ ಬಾಣ ಅಂಟಿಸಲಿಲ್ಲ. ಸೊಟ್ಟ ಜೇಬುಗಳೂ ಅವತ್ತು ಪಾಸಾದವು. ಹೊಟ್ಟೆಯೊಳಗೆ ಮಗು ಒಮ್ಮೆ ಒದೆಯಿತು, ಬೇಕಂತಲೇ ಒದೆಯಿತು ಎನ್ನಿಸಿತು.

ಊಟಕ್ಕೆ ಅಕ್ಕ ಯಾರ ಜೊತೆಗೂ ಕೂರಲಿಲ್ಲ. ನೀರಿನ ಡ್ರಮ್ಮುಗಳ ಪಕ್ಕದ ಮೆಟ್ಟಿಲ ಮೇಲೆ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಇವಳು ಹೋಗಿ ಎದುರು ನಿಂತಳು. ಬಗ್ಗಿ ಕೂರಲು ಹೊಟ್ಟೆ ಬಿಡಲಿಲ್ಲ, ನಿಂತೇ ಮಾತಾಡಿದರೆ ಮೇಷ್ಟ್ರ ಹಾಗೆ ಕಾಣುತ್ತೇನೆ ಎನ್ನಿಸಿ ಅದಕ್ಕೂ ಸಿಟ್ಟು ಬಂತು. ಸೆರಗು ಬಿಚ್ಚಿ ಹೆಬ್ಬೆರಳು ತೋರಿಸಿದಳು.

"ಅಕ್ಕಾ, ಆ ಏಳು ನಿಮ್ಮದಲ್ಲ. ನನ್ನ ಕೈಯಿಂದ ಆಗಿದ್ದು."

ಅಕ್ಕ ಹೆಬ್ಬೆರಳು ನೋಡಿದಳು, ಮುಖ ನೋಡಿದಳು. "ಬೆಳಿಗ್ಗೆನೇ ಗೊತ್ತಿತ್ತಾ?"

"ಅವರು ಬೈತಿರುವಾಗ ಗೊತ್ತಾಯ್ತು."

"ಆಗ ಸುಮ್ಮನಿದ್ದೆ."

"ಹೂಂ."

ಅಕ್ಕ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಬೈದರೆ ಒಳ್ಳೆಯದಿತ್ತು. ನುಂಗಿ ನೀರು ಕುಡಿದು, ಕೈ ಏನಾಗಿದೆ ಎಂದು ಕೇಳಿದಳು, ಕರುಣೆಯಿಂದಲ್ಲ, ಸಾಕ್ಷಿ ವಿಚಾರಿಸುವವರ ಹಾಗೆ. ತುರಿಕೆ ಎಂದಳು ಇವಳು. ಎಲ್ಲಿ ಎಂದು ಅಕ್ಕ ಕೇಳಿದಳು. ಮೂರು ವಾರದಲ್ಲಿ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಅಂಗೈ, ಅಂಗಾಲು. ಹೊಟ್ಟೆಯ ಮೇಲೆ ಇಲ್ಲವಾ? ಇಲ್ಲ. ಗುಳ್ಳೆ? ಒಂದೂ ಇಲ್ಲ. ಮಲಗಿದರೆ ಜಾಸ್ತಿಯಾ? ಹೂಂ, ಮಲಗಿದರೆ ತಡೆಯಲಾಗುವುದಿಲ್ಲ. ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು. ಅರ್ಧ ಊಟ ಒಳಗೇ ಇತ್ತು.

"ನನಗೂ ಹೀಗೇ ಆಗಿತ್ತು, ಎರಡನೇದಕ್ಕೆ. ಎಣ್ಣೆ ಹಚ್ಚು ಅಂದ್ರು, ಹಚ್ಚಿದೆ. ಏನೂ ಕಾಣಿಸ್ತಿಲ್ಲ ಅಂದ್ರು, ನಾನೂ ಹೌದು ಅಂದ್ಕೊಂಡೆ. ಒಂಬತ್ತಕ್ಕೆ ಬಿದ್ದು ನಾಲ್ಕು ದಿನ. ಬೆಳಿಗ್ಗೆ ಎದ್ದೆ, ಹೊಟ್ಟೆ ಸುಮ್ಮನಿತ್ತು. ಮಗು ಮಲಗಿದೆ ಅಂದ್ಕೊಂಡು ಮಧ್ಯಾಹ್ನದ ತನಕ ಬಟ್ಟೆ ಒಗೀತಾ ಇದ್ದೆ."

ಎಲ್ಲ ಮುಗಿದ ಮೇಲೆ ದೊಡ್ಡಾಸ್ಪತ್ರೆಯ ಒಬ್ಬ ಡಾಕ್ಟರು ಹೇಳಿದರಂತೆ. ಲಿವರಿನ ಪಿತ್ತ ರಕ್ತಕ್ಕೆ ಸೇರಿಕೊಂಡರೆ ಹೀಗೆ ಅಂಗೈ ಅಂಗಾಲು ತುರಿಸುತ್ತದಂತೆ, ಚರ್ಮದ ಮೇಲೆ ಏನೂ ಕಾಣುವುದಿಲ್ಲವಂತೆ, ರಕ್ತ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತಂತೆ. ಅಂತೆ ಎಂಬ ಮಾತು ಬಂದಾಗಲೆಲ್ಲ ಅಕ್ಕನ ದನಿ ಗಟ್ಟಿಯಾಗುತ್ತಿತ್ತು. ಎಲ್ಲರಿಗೂ ಹಾಗಾಗೋದಿಲ್ಲ, ಹೆದರ್ಕೋಬೇಡ ಎಂದಳು. ಮರುಕ್ಷಣವೇ, ಹೆದರ್ಕೋ, ಹೆದರ್ಕೊಂಡಾದರೂ ಹೋಗು ಎಂದಳು. ಇವಳು ಡ್ರಮ್ಮಿನ ಅಂಚು ಹಿಡಿದುಕೊಂಡಳು. ಬೆಳಿಗ್ಗೆ ಒದ್ದದ್ದು ಹತ್ತೂವರೆಗಿರಬೇಕು. ಆಮೇಲೆ? ಆಮೇಲೆ ಒದೆಯಿತೇ? ತನ್ನ ಮರ್ಯಾದೆಯ ಲೆಕ್ಕದಲ್ಲಿ ಮುಳುಗಿದ್ದವಳು ಅದನ್ನು ಗಮನಿಸಿಯೇ ಇರಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ನಿಂತಳು. ಅಕ್ಕನೂ ಆ ಕೈಯನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತೋ. ಕಡೆಗೆ ಬಲಪಕ್ಕೆಯ ಕೆಳಗೆ ಏನೋ ಹೊರಳಿದ ಹಾಗಾಯಿತು. "ಇದೆ" ಎಂದಳು. ಅಕ್ಕ ಮುಖ ತಿರುಗಿಸಿ ಡಬ್ಬಿಯನ್ನು ಚೀಲಕ್ಕೆ ಹಾಕಿದಳು.

"ಹೋಗೋ ಮುಂಚೆ ಬೋರ್ಡು ಅಳಿಸಿ ಹೋಗು. ಇಲ್ಲಿ ಬಂದು ನನ್ನ ಕಿವಿಯಲ್ಲಿ ಹೇಳಿದ್ರೆ ನನಗೇನು ಬಂತು."

ಅವಳು ಅಳಿಸಿದಳು. ಡಸ್ಟರು ಹುಡುಕಲಿಲ್ಲ, ಅಂಗೈಯಿಂದಲೇ ಒರೆಸಿದಳು. ಬೋರ್ಡಿನ ಒರಟು ತುರಿಸುವ ಅಂಗೈಗೆ ಎಷ್ಟು ಹಿತವಾಯಿತೆಂದರೆ ಹದಿನಾಲ್ಕರ ಜೊತೆ ಹದಿಮೂರೂ ಹದಿನೈದೂ ಅಳಿಸಿಹೋದವು. ಮೇಷ್ಟ್ರು ಓಡಿಬಂದ. ಮಿಷನ್ನುಗಳು ಒಂದೊಂದಾಗಿ ನಿಂತವು. ಆ ಏಳು ಕಲೆ ನನ್ನವು, ಮೇಜಿನ ಕೆಳಗೆ ಎಂಟನೆಯದೂ ಇದೆ, ನನ್ನ ಹೆಸರಿಗೆ ಬರೆದುಕೊಳ್ಳಿ ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಮೇಷ್ಟ್ರಿಗೆ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಾಯಿತು. ಬೋರ್ಡಿನಲ್ಲಿ ಮಿಷನ್ನುಗಳಿಗೆ ಮಾತ್ರ ಜಾಗ, ತಪಾಸಣೆಯವರು ತಪ್ಪು ಮಾಡಿದರೆ ಬರೆಯುವುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ ಎಂದ. ಅದೂ ಪಾಠದ ದನಿಯಲ್ಲೇ. ಅವಳು ಸೀಮೆಸುಣ್ಣ ತೆಗೆದುಕೊಂಡು ಕಡೆಯಲ್ಲಿ ಒಂದು ಉದ್ದ ಗೆರೆ ಎಳೆದು, ಆಚೆ ಎಂಟು ಗೀರು ಹಾಕಿದಳು. ಈಗ ಇದೆ ನೋಡಿ ಎಂದಳು. ರಜೆ ಕೇಳಲಿಲ್ಲ. ಏಪ್ರನ್ ಬಿಚ್ಚುವುದನ್ನೂ ಮರೆತು ಗೇಟು ದಾಟಿದಳು. ಕಾಲರ್ ಅಕ್ಕ ಹಿಂದೆ ಬರಲಿಲ್ಲ, ಕೈ ಬೀಸಲೂ ಇಲ್ಲ. ಹದಿನಾಲ್ಕನೇ ಮಿಷನ್ನು ಎಲ್ಲಕ್ಕಿಂತ ಮೊದಲು ಶುರುವಾದದ್ದು ಮಾತ್ರ ರಸ್ತೆಯವರೆಗೂ ಕೇಳಿಸಿತು.

ಆಸ್ಪತ್ರೆಯ ಬೆಂಚಿನಲ್ಲಿ ಅವಳ ಮುಂದೆ ಹನ್ನೊಂದು ಹೊಟ್ಟೆಗಳಿದ್ದವು. ಫೈಲು ಸದಾ ಚೀಲದಲ್ಲೇ ಇರುತ್ತಿತ್ತು. ತೆರೆದು ನೋಡಿದಳು. ಮೂರು ತಾರೀಕು, ಮೂರರ ಮುಂದೂ ಒಂದೇ ಅಕ್ಷರ, ಒಂದೇ ಅವಸರ: ತುರಿಕೆ, ಸಾಮಾನ್ಯ. ಸಾಮಾನ್ಯ ಎಂಬುದನ್ನು ಮೂರನೇ ಸಲ ಪೂರ್ತಿ ಬರೆಯುವಷ್ಟು ಪುರುಸೊತ್ತೂ ಇರಲಿಲ್ಲ, ಅರ್ಧಕ್ಕೆ ಒಂದು ಗೀಟು. ಪಕ್ಕದ ಹುಡುಗಿ, ಇಪ್ಪತ್ತೂ ಆಗಿರಲಿಕ್ಕಿಲ್ಲ, ಸೀರೆಯ ಅಂಚಿನ ಕೆಳಗೆ ಒಂದು ಪಾದದಿಂದ ಇನ್ನೊಂದನ್ನು ತಿಕ್ಕುತ್ತಿದ್ದಳು. ಸೊಳ್ಳೆಯೋ ಏನೋ. ಅಥವಾ ತನ್ನ ಹಾಗೆಯೇ ಏನೋ. ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಇವಳ ನಂಬರು ಕೂಗಿದರು.

ಡಾಕ್ಟರಮ್ಮ ತಲೆಯೆತ್ತದೆ, ಮತ್ತೆ ಅದೇನಾ, ಮಾತ್ರೆ ತಗೊಂಡ್ಯಾ ಎಂದರು. ಪೆನ್ನು ಆಗಲೇ ಕಾಗದದ ಮೇಲಿತ್ತು. ಬರುವ ದಾರಿಯಲ್ಲಿ ಅವಳು ಎಷ್ಟೊಂದು ಮಾತು ಜೋಡಿಸಿಕೊಂಡಿದ್ದಳು, ಲಿವರು, ಪಿತ್ತ, ದೊಡ್ಡಾಸ್ಪತ್ರೆ, ಒಂದೂ ಬಾಯಿಗೆ ಬರಲಿಲ್ಲ. ಅತ್ತರೆ ಜಾಸ್ತಿ ಯೋಚನೆ ಎನ್ನುತ್ತಾರೆ, ಕೂಗಿದರೆ ಹೊರಗೆ ಕಳಿಸುತ್ತಾರೆ. ಏಪ್ರನ್ನಿನ ಜೇಬಿಗೆ ಕೈ ಹೋಯಿತು. ಬಾಣದ ಸುರುಳಿ ಅಲ್ಲೇ ಇತ್ತು. ಒಂದೊಂದಾಗಿ ಬಿಡಿಸಿ ಎಡ ಅಂಗೈಗೆ ಐದು ಅಂಟಿಸಿದಳು, ಬಲ ಅಂಗೈಗೆ ಐದು. ಡಾಕ್ಟರಮ್ಮನ ಪೆನ್ನು ನಿಂತಿತು. ಇದೇನಮ್ಮ ಇದು ಎಂದರು. ಅವಳು ಚಪ್ಪಲಿ ಕಳಚಿ, ಹೊಟ್ಟೆ ಹೊತ್ತು ಮಂಚದ ಮೇಲೆ ಹತ್ತಿ, ಕಾಲು ಚಾಚಿದಳು. ಬಗ್ಗಿದಳು. ಕೈ ಮೊಣಕಾಲಿನಿಂದ ಮುಂದಕ್ಕೆ ಹೋಗಲಿಲ್ಲ. ಇನ್ನೊಮ್ಮೆ ಬಗ್ಗಿದಳು, ಉಸಿರು ಕಟ್ಟಿತು. ತನ್ನ ಪಾದ ತನ್ನ ಕೈಗೇ ಸಿಗದೆ ಹೀಗೆ ಇನ್ನೊಬ್ಬರೆದುರು ಏದುಸಿರು ಬಿಡುವುದಿದೆಯಲ್ಲ, ಬೆಳಿಗ್ಗೆಯಿಂದ ಕಂಡ ಅವಮಾನಗಳಲ್ಲಿ ಅದೇ ದೊಡ್ಡದು ಎನ್ನಿಸಿತು. ಸುರುಳಿಯನ್ನು ಡಾಕ್ಟರಮ್ಮನ ಕಡೆಗೆ ಚಾಚಿದಳು.

"ನನಗೆ ಎಟುಕೋದಿಲ್ಲ. ಅಂಗಾಲಿಗೆ ನೀವೇ ಅಂಟಿಸಿ. ಎಲ್ಲಿ ಅಂತ ನಾನು ಹೇಳ್ತೀನಿ."

ಡಾಕ್ಟರಮ್ಮ ಸುರುಳಿ ತೆಗೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. ಆ ಹತ್ತು ಕೆಂಪು ಬಾಣಗಳನ್ನು ನೋಡಿದರು, ಬರಿಯ ಅಂಗಾಲುಗಳನ್ನು ನೋಡಿದರು, ಒಂದೂ ಬಾಣವಿಲ್ಲದ ಹೊಟ್ಟೆಯನ್ನು ನೋಡಿದರು. ಬೇರೆಲ್ಲೂ ಇಲ್ಲವಾ ಎಂದು ಕೇಳಿದ ದನಿ ಬೇರೆಯಾಗಿತ್ತು. ಮೂತ್ರ ಕಡುಬಣ್ಣಕ್ಕೆ ಹೋಗುತ್ತಿದೆಯೇ, ಮಲಗಿದಾಗ ಜಾಸ್ತಿಯೇ, ತಾಯಿಗೋ ಅಕ್ಕತಂಗಿಯರಿಗೋ ಬಸುರಿನಲ್ಲಿ ಹೀಗಾಗಿತ್ತೇ, ಮಗು ಚೆನ್ನಾಗಿ ಆಡುತ್ತಿದೆಯೇ. ಇಷ್ಟು ಪ್ರಶ್ನೆಗಳು ಮೂರು ವಾರ ಎಲ್ಲಿ ಅಡಗಿದ್ದವು ಎಂದು ಅವಳು ಉತ್ತರ ಹೇಳುತ್ತಲೇ ಯೋಚಿಸಿದಳು. ಡಾಕ್ಟರಮ್ಮ ಬರೆಯಲು ಹೊರಟಿದ್ದ ಚೀಟಿಯನ್ನು ಹರಿದು ಹಾಕಿ ರಕ್ತ ಪರೀಕ್ಷೆಗೆ ಬರೆದರು. ಸಂಜೆಯೊಳಗೆ ರಕ್ತ ತೆಗೆದರು. ಸೂಜಿ ಚುಚ್ಚಿದಾಗ ಹನಿ ಅಚ್ಚ ಕೆಂಪಾಗಿ ಏರಿತು.

ಮರುದಿನವೇ ಅವಳನ್ನು ವಾರ್ಡಿಗೆ ಹಾಕಿದರು. ಪಿತ್ತದ ಅಂಶ ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ಗಂಡ ಬಾಗಿಲಲ್ಲಿ ನಿಂತು, ಕಿರ್ ಎನ್ನದೆ ಕೆಟ್ಟ ಯಂತ್ರವನ್ನು ಮೊದಲ ಸಲ ಕಂಡವನಂತೆ ಅವಳನ್ನೇ ನೋಡುತ್ತಿದ್ದ. ಅತ್ತೆ ಮಂಚದ ಕಾಲದೆಸೆಯಲ್ಲಿ ಕೂತು ತಣ್ಣೀರಿನ ಬಟ್ಟೆಯಿಂದ ಅವಳ ಪಾದ ಒತ್ತುತ್ತಿದ್ದರು, ತಲೆಗೂದಲಿನ ವಿಷಯ ಎತ್ತಲಿಲ್ಲ. ಅವಳಿಗೆ ಅವರ ಮೇಲೆ ಸಿಟ್ಟು ಹೋಗಿರಲಿಲ್ಲ, ಪಾದಕ್ಕೆ ತಂಪಾದದ್ದೂ ಸುಳ್ಳಲ್ಲ. ಹೊಟ್ಟೆಗೆ ಬೆಲ್ಟು ಕಟ್ಟಿದ್ದರು. ಪಕ್ಕದ ಪೆಟ್ಟಿಗೆಯಿಂದ ಮಗುವಿನ ಎದೆಬಡಿತ ಮಿಷನ್ನು ಓಡಿದ ಹಾಗೆ ದಡದಡನೆ ಕೇಳುತ್ತಿತ್ತು. ಇದನ್ನು ಕೇಳಿ ಸಂತೋಷಪಡಬೇಕು ಎಂದುಕೊಂಡಳು. ಸಂತೋಷವೂ ಆಯಿತು. ಅದರ ಬೆನ್ನಿಗೇ ಹದಿನಾಲ್ಕನೇ ಮಿಷನ್ನು ನೆನಪಾಯಿತು, ಮಧ್ಯಾಹ್ನದ ತನಕ ಬಟ್ಟೆ ಒಗೆದವಳು ನೆನಪಾದಳು.

ಡಾಕ್ಟರಮ್ಮ ಬಂದು ಬಡಿತದ ಕಾಗದ ಎಳೆದು ನೋಡಿದರು. ಮಗು ಸದ್ಯಕ್ಕೆ ಚೆನ್ನಾಗಿದೆ, ಪಿತ್ತ ಇಳಿಸಲು ಮಾತ್ರೆ ಶುರು ಮಾಡಿದ್ದೇವೆ, ವಾರಕ್ಕೆ ಎರಡು ಸಲ ರಕ್ತ ನೋಡುತ್ತೇವೆ, ಒಂಬತ್ತು ಪೂರ್ತಿ ತುಂಬುವವರೆಗೆ ಕಾಯದೆ ಹೆರಿಗೆ ಮಾಡಿಸುತ್ತೇವೆ ಎಂದು ವಿವರಿಸಿದರು. ಮೂರು ವಾರದಲ್ಲಿ ಮೊದಲ ಸಲ ಕೂತು ಮಾತಾಡಿದರು. ಅವಳ ಭುಜ ತಟ್ಟಿದರು.

"ಸದ್ಯ, ಸರಿಯಾದ ಹೊತ್ತಿಗೆ ಬಂದ್ರಿ."

ಅವಳು ದಿಂಬಿನ ಕೆಳಗಿನಿಂದ ಫೈಲು ತೆಗೆದಳು. ಬಾಣದ ಸುರುಳಿಯೂ ಅಲ್ಲೇ ಇತ್ತು. ಒಂದು ಬಾಣ ಬಿಡಿಸಿ ಮೊದಲ ತಾರೀಕಿನ ಪಕ್ಕಕ್ಕೆ ಅಂಟಿಸಿದಳು, ಮೊನೆ 'ಸಾಮಾನ್ಯ'ದ ಕಡೆಗೆ. ಎರಡನೆಯದಕ್ಕೆ ಒಂದು. ಮೂರನೆಯದಕ್ಕೆ ಒಂದು. ಮೂರೂ ನೆಟ್ಟಗೆ ಕೂತವು, ಆರು ವರ್ಷದ ಕೈಯಲ್ಲವೇ. ಫೈಲನ್ನು ತಿರುಗಿಸಿ ಡಾಕ್ಟರಮ್ಮನ ಮುಂದಿಟ್ಟಳು.

"ನಾನು ಬಂದದ್ದು ನಾಲ್ಕನೇ ಸಲ ಡಾಕ್ಟ್ರೇ."

ಡಾಕ್ಟರಮ್ಮ ಫೈಲನ್ನು ಹತ್ತಿರಕ್ಕೆ ಎಳೆದುಕೊಂಡರು. ಬಾಣ ಕೀಳುತ್ತಾರೇನೋ ಎಂದು ಅವಳು ಕಾದಳು, ಕೀಳಲಿಲ್ಲ. ಪೆಟ್ಟಿಗೆಯೊಳಗೆ ಬಡಿತ ಓಡುತ್ತಲೇ ಇತ್ತು. ನಿನ್ನೆ ಬೆಂಚಿನಲ್ಲಿ ಪಾದಕ್ಕೆ ಪಾದ ತಿಕ್ಕುತ್ತಿದ್ದ ಹುಡುಗಿಗೆ ಏನು ಬರೆದುಕೊಟ್ಟಿರಬಹುದು ಎಂದು ಅವಳಿಗೆ ತಟ್ಟನೆ ಅನ್ನಿಸಿತು. ಉಳಿದ ಸುರುಳಿಯನ್ನು ಎತ್ತಿ ಅವರ ಬಿಳಿ ಕೋಟಿನ ಜೇಬಿಗೆ ಹಾಕಿದಳು.

"ಇದು ನಿಮ್ಮ ಹತ್ರ ಇರಲಿ. ಹೊರಗೆ ಇನ್ನೂ ಸಾಲು ಇದೆ."